ತೊಂಬತ್ತಾರು ಗುಂಡಿ

ಹೊರಗೆ ನಲವತ್ತಮೂರು.
ಬಳ್ಳಾರಿಯ ಬಂಡೆಗುಡ್ಡ ಹಗಲೆಲ್ಲ ಉಂಡ ಬಿಸಿಲನ್ನು
ರಾತ್ರಿ ಹನ್ನೊಂದಕ್ಕೂ ಕಕ್ಕುತ್ತಿರುತ್ತದೆ.
ಒಳಗೆ, ನನ್ನ ಸೊಂಟದೆತ್ತರದ ಈ ಪೆಟ್ಟಿಗೆಯಲ್ಲಿ
ಮೂವತ್ತೇಳು. ಒಂದು ಗೆರೆ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಮೇ ತಿಂಗಳಲ್ಲಿ ಈ ಊರಲ್ಲಿ
ಹದವಾಗಿ ಬದುಕಿರುವುದು ಇವು ಮಾತ್ರ.

ಚೀಟಿಯ ಮೇಲೆ ಹೆಸರಿಲ್ಲ: ಬಿ-ಹದಿನೇಳು.
ಹೆಣ್ಣು. ನಲವತ್ತಾರು. ಅಂಡಾಶಯ.
ಕಸುಬು ಎಂಬಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದಾರೆ,
ಕಾಜಾ ಗುಂಡಿ.

ಕಾಜಾ ಗುಂಡಿ ನನಗೂ ಗೊತ್ತು.
ಕೌಲ್ ಬಜಾರಿನ ಓಣಿಯಲ್ಲಿ ನಮ್ಮತ್ತೆ
ಜೀನ್ಸ್ ಪ್ಯಾಂಟಿಗೆ ಇಷ್ಟೆಂದು ಎಣಿಸಿ ಕೂಲಿ ತರುತ್ತಿದ್ದಳು,
ಉಗುರ ಸಂದಿಯಲ್ಲಿ ನೀಲಿ, ಸೀನಿದರೆ ನೀಲಿ.
ನನ್ನ ತಟ್ಟೆಯಲ್ಲೂ ಗುಂಡಿಗಳೇ: ಎಂಟು ಸಾಲು, ಸಾಲಿಗೆ ಹನ್ನೆರಡು,
ಒಂದೊಂದೂ ಕಡಲೆಕಾಳಿನಷ್ಟು.
ಅವಳ ಒಡಲಿಂದ ತೆಗೆದದ್ದನ್ನು
ಬಿಡಿಬಿಡಿ ಮಾಡಿ, ಸೋಸಿ, ಎಣಿಸಿ
ಗುಂಡಿಗೆ ಐದು ಸಾವಿರದಂತೆ ಬಿತ್ತಿದೆ.

ಹಗೆಗಳಿಗೆ ಬಾಣಂತನ ಮಾಡುವ ಕೆಲಸ ನನ್ನದು.
ಗುಲಾಬಿ ಬಣ್ಣದ ಗಂಜಿ, ಅದರಲ್ಲಿ ಎಳೆಗರುವಿನ ರಕ್ತದ ತಿಳಿ.
ಗಂಜಿ ಹಳದಿಗೆ ತಿರುಗಿತೋ, ಹೊಟ್ಟೆತುಂಬ ಉಂಡಿವೆಯೆಂದರ್ಥ.
ಚೆನ್ನಾಗಿ ಬೆಳೆದಾಗ ಖುಷಿಯಾಗುತ್ತದೆ ನನಗೆ,
ಯಾರೆದುರೂ ಆಡಲಾಗದ ಖುಷಿ.

ಆಮೇಲೆ ಮದ್ದು.
ಮೊದಲನೆಯದು ನೀರಿನಂತೆ, ಬಣ್ಣವೇ ಇಲ್ಲ.
ಎರಡನೆಯದು ಕೆಂಪು, ಸಂಡೂರಿನ ಲಾರಿ ಹೋದ ಮೇಲೆ
ಒರಸುಬಟ್ಟೆಗೆ ಹತ್ತುವ ಕೆಂಪು.
ಮೂರನೆಯದು ಯಾವುದೋ ಮರದ ತೊಗಟೆಯದಂತೆ, ದುಬಾರಿ;
ಮೇಡಂ ಕಪಾಟಿನ ಕೀಲಿ ತೆಗೆದು ತಾವೇ ಅಳೆದು ಕೊಟ್ಟರು,
ಕೆಳಗಿನ ಒಂದು ಸಾಲಿಗಾಗುವಷ್ಟು.
ಎಡದಿಂದ ಬಲಕ್ಕೆ ಅರ್ಧ, ಅದರರ್ಧ, ಅದರರ್ಧ.
ಪ್ರತಿ ಸಾಲಿನ ಕೊನೆಯ ಗುಂಡಿಗೆ ಏನೂ ಇಲ್ಲ:
ಅವು ಸುಮ್ಮನೆ ಬದುಕಲಿ, ಹೋಲಿಸಿ ನೋಡಲು ಬೇಕು.

ಎರಡನೇ ರಾತ್ರಿ ಕರೆಂಟು ಹೋಯಿತು.
ಜನರೇಟರು ಕೆಮ್ಮಿ ಕೆಮ್ಮಿ
ನಲವತ್ತು ನಿಮಿಷಕ್ಕೆ ಎದ್ದಿತು.

ಬೆಳಿಗ್ಗೆ ಬಾಗಿಲಲ್ಲೊಬ್ಬ. ಓಬಳೇಶನಂತೆ.
"ಅಕ್ಕಾ, ಹೊನ್ನೂರಮ್ಮ ಅಂತ, ನಮ್ಮಕ್ಕಂದು ಇಲ್ಲೇ ಐತಂತಲ್ಲ?"
ಹೆಸರು ತಿಳಿಯಬಾರದಿತ್ತು. ತಿಳಿಯಿತು.
"ಮೂರು ದಿನ ಆತು, ಒಂದ್ ತುತ್ತು ಬಾಯಿಗಿಟ್ಟಿಲ್ಲ."
ಒಳಗೆ ಬಂದು ಸೀಸೆಯಲ್ಲಿ ಮಿಕ್ಕವಕ್ಕೆ ಗಂಜಿ ಬದಲಿಸಿದೆ.
ಅವಳದೇ ಒಂದು ಪಾಲು
ಹಸಿದು ಹಸಿದು ಉಣ್ಣುತ್ತಿತ್ತು.

ನಾಲ್ಕನೇ ದಿನ ಹಳದಿ ಬಣ್ಣ ಹನಿಸುತ್ತೇವೆ.
ಉಸಿರಿದ್ದದ್ದು ಅದನ್ನುಂಡು ನೇರಳೆ ಮಾಡುತ್ತದೆ;
ಸತ್ತದ್ದು ಹಳದಿಯನ್ನು ಹಳದಿಯಾಗೇ ಬಿಡುತ್ತದೆ.
ನಾಲ್ಕು ತಾಸು ಕಾದೆ.
ಮೊದಲ ಮದ್ದು: ನೇರಳೆಹಣ್ಣು ತಿಂದ ಮಕ್ಕಳ ನಾಲಗೆ.
ಕೆಂಪು ಮದ್ದು: ನೇರಳೆಯೇ, ತುಸು ಮಾಸಿದ್ದು,
ಕಲ್ಲು ಹಾಕಿ ಒಗೆದ ಪ್ಯಾಂಟಿನ ಹಾಗೆ.
ಮೂರನೆಯದು
ಹಳದಿ. ಹಳದಿ. ಹಳದಿ.

ಮೇಡಂ ಎಂದು ಕೂಗಲು ಬಾಯಿ ತೆರೆದವಳು
ಸಾಲಿನ ಕೊನೆಗೆ ಬಂದೆ.
ಮದ್ದನ್ನೇ ಕಾಣದ ಗುಂಡಿ. ಅದೂ ಹಳದಿ.

ಅಂಚಿಗೆ ಬರೀ ಉಪ್ಪುನೀರು ತುಂಬಬೇಕೆಂಬುದು ಮೊದಲ ಪಾಠ,
ಅಂಚು ಬೇಗ ಆರುತ್ತದೆ.
ಜಾಗ ಸಾಲದೆಂದು, ಆಸೆಗೆ ಬಿದ್ದು, ಅಲ್ಲೂ ಬಿತ್ತಿದ್ದೆ.
ಮದ್ದು ಕೊಂದದ್ದೆಷ್ಟು, ಊರ ಬಿಸಿಲು ಕೊಂದದ್ದೆಷ್ಟು,
ನಾನು ಕೊಂದದ್ದೆಷ್ಟು
ಬಣ್ಣ ಹೇಳುವುದಿಲ್ಲ.

ಮೇಡಂ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.
ಬೈಯಲಿಲ್ಲ. "ಇದನ್ನ ಬರೀಬೇಡ. ಉಳಿದಾವೇನು?"
ಉಳಿದಿವೆ, ಸೀಸೆಯ ತಳದಲ್ಲಿ,
ಒಂದೇ ತಟ್ಟೆಗಾಗುವಷ್ಟು.

ಓಬಳೇಶ ಎದ್ದು ನಿಂತ. "ಯಾವ ಮದ್ದು ನಡೀತೈತಂತೆ ಅಕ್ಕಾ?"
ಗಾಜಲ್ಲಿ ಸತ್ತದ್ದು ಮೈಯಲ್ಲಿ ಸಾಯಲೇಬೇಕೆಂದಿಲ್ಲ,
ಇದನ್ನು ಯಾವ ಕನ್ನಡದಲ್ಲಿ ಹೇಳುವುದು?
"ಇನ್ನ ಐದು ದಿನ" ಅಂದೆ.
ಅವನು ಬೆರಳು ಮಡಿಚಿ ಎಣಿಸಿದ. ಹೆಬ್ಬೆರಳಿಗೆ ಬಂದು ನಿಂತ.

ಹೊಸ ತಟ್ಟೆ ಬಿಚ್ಚಿ ಮೊದಲು ಅಂಚಿಗೆ ಉಪ್ಪುನೀರು:
ಮೂವತ್ತಾರು. ಒಳಗುಳಿದದ್ದು ಅರವತ್ತು.
ಕೈ ನಡುಗಬಾರದು.
ಹನಿ ಹನಿ ಬಿಡುತ್ತ, ಹೊನ್ನೂರಮ್ಮನ ಆ ಪಾಲಿಗೆ
ಮೆಲ್ಲಗೆ ಹೇಳಿದೆ:
ಉಣ್ಣು, ತಾಯಿ. ಈ ಐದು ದಿನ
ಚೆನ್ನಾಗಿ ಉಣ್ಣು.